ಹಗುರ ಕಾಡತೂಸು

"ಮೆತ್ತಗೆ ಹೇಳಿದರೆ ಯಾರೂ ಕದಲುವುದಿಲ್ಲ, ಗದರಿದರೆ ಮಾತ್ರ ಕೆಲಸವಾಗುತ್ತದೆ. ಇದು ಯಾಕೆ ಗುರುಗಳೇ?" ಎಂದು ಉಳವಯ್ಯ ಕೇಳಿದ.

ಉಳವಯ್ಯ ಮಠದ ದಾಸೋಹದ ಅಡುಗೆಮನೆ ನೋಡಿಕೊಳ್ಳುವವನು. ದಿನಕ್ಕೆ ನಾನೂರು ಎಲೆ. ಹತ್ತು ವರ್ಷ ಅವನ ದನಿ ಕೇಳಿದರೆ ಸಾಕು, ಸೌಟು ಹಿಡಿದವರು ಓಡೋಡಿ ಕೆಲಸ ಮಾಡುತ್ತಿದ್ದರು. ಹೋದ ತಿಂಗಳು ಗುರುಗಳೇ ಕರೆದು, ಇನ್ನು ದನಿ ಏರಿಸಬೇಡ ಎಂದಿದ್ದರು. ಅವನು ಏರಿಸಲಿಲ್ಲ. ಅಂದಿನಿಂದ ಒಂದು ದಿನವೂ ಹೊತ್ತಿಗೆ ಸರಿಯಾಗಿ ಅನ್ನ ಆಗಲಿಲ್ಲ. ನಿನ್ನೆಯಂತೂ ಪಂಕ್ತಿಯಲ್ಲಿ ಕೂತವರು ಬರಿಯ ಎಲೆ ನೋಡಿಕೊಂಡು ಮುಕ್ಕಾಲು ಗಂಟೆ ಕಾದರು. ಉಳವಯ್ಯನಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

"ನಾಳೆಯಿಂದ ಗದರಲು ಅಪ್ಪಣೆ ಕೊಡಿ. ಇಲ್ಲವೇ ಅಡುಗೆಮನೆ ಬೇರೆಯವರಿಗೆ ಒಪ್ಪಿಸಿ, ನಾನು ಹೊರಡುತ್ತೇನೆ" ಎಂದ.

"ಹೊರಡುವೆಯಂತೆ, ಮೊದಲು ಕೂತುಕೋ" ಎಂದರು ಗುರುಗಳು. ಪೂರ್ವಾಶ್ರಮದಲ್ಲಿ ಅವರು ಕೊಡಗಿನ ಕಡೆ ಬಸ್ ಕಂಡಕ್ಟರ್ ಆಗಿದ್ದವರು. ಕತೆ ಹೇಳಲು ಶುರು ಮಾಡಿದರು.

ಒಬ್ಬ ಕಾಫಿ ಬೆಳೆಗಾರನಿದ್ದ. ಅವನ ಬಳಿ ಒಂದು ಆಟೋಮ್ಯಾಟಿಕ್ ಕೋವಿ. ಗುಂಡು ಹಾರಿದಾಗ ಹಿಂದಕ್ಕೆ ಒದೆಯುತ್ತದಲ್ಲ, ಆ ಒದೆತದ ಬಲದಲ್ಲೇ ಖಾಲಿ ಕಾಡತೂಸು ಹೊರಬಿದ್ದು ಮುಂದಿನದು ತಾನಾಗಿ ಏರಬೇಕು. ಆ ಊರಿನಲ್ಲಿ ವರ್ಷಕ್ಕೊಮ್ಮೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಮರದ ತುದಿಗೆ ಎರಡು ಕಾಯಿ ಕಟ್ಟುತ್ತಾರೆ. ಕೋವಿಯನ್ನು ಹೆಗಲಿನಿಂದ ಇಳಿಸದೆ ಎರಡಕ್ಕೂ ಹೊಡೆಯಬೇಕು. ಬೆಳೆಗಾರ ಮೂವತ್ತು ವರ್ಷ ತಪ್ಪದೆ ನಿಂತವನು. ಆ ವರ್ಷ ಜೀಪಿನಿಂದ ಬಿದ್ದು ಹೆಗಲ ಮೂಳೆ ಮುರಿದುಕೊಂಡ. ಮೂಳೆ ಕೂಡಿತು. ಆದರೆ ಜೋರಾಗಿ ಒದೆಯುವ ಭಾರದ ಕಾಡತೂಸು ಇನ್ನು ಮುಟ್ಟಕೂಡದು, ಮದ್ದು ಕಡಿಮೆಯಿರುವ ಹಗುರದ್ದಾದರೆ ಅಡ್ಡಿಯಿಲ್ಲ ಎಂದರು ಡಾಕ್ಟರು.

ಹಗುರದ್ದು ತರಿಸಿದ. ಗುಂಡೇನೋ ಹಾರಿತು, ಖಾಲಿ ಕಾಡತೂಸು ಅರ್ಧ ಬಂದು ಅಲ್ಲೇ ಸಿಕ್ಕಿಕೊಂಡಿತು. ಕಿತ್ತು ತೆಗೆದು ಮತ್ತೆ ಹೊಡೆದ, ಮತ್ತೆ ಸಿಕ್ಕಿಕೊಂಡಿತು. ಬೇರೆ ಕಂಪನಿಯದು ತಂದ, ಅದೂ ಅಷ್ಟೇ. ಎಣ್ಣೆ ಸುರಿದ, ಇನ್ನಷ್ಟು ಕೆಟ್ಟಿತು. ಕೊನೆಗೆ ಹಳೆಯ ಭಾರದ್ದನ್ನು ಭಾವಮೈದುನನ ಕೈಯಲ್ಲಿ ಹೊಡೆಸಿ ನೋಡಿದ. ಸರಾಗವಾಗಿ ಹೊರಬಿತ್ತು. "ಕೋವಿಯ ದೋಷವಲ್ಲ, ಹಗುರದ್ದರಲ್ಲಿ ಕಸುವಿಲ್ಲ" ಎಂದು ಊರೆಲ್ಲ ಹೇಳಿಕೊಂಡು ಬಂದ. ಆದರೆ ಈ ವರ್ಷ ಹಿಂದೆ ಸರಿದರೆ ಮುಂದೆ ತನ್ನನ್ನು ಯಾರೂ ಕರೆಯುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

ಉಳವಯ್ಯ ತಲೆದೂಗಿದ. ಆ ಬೆಳೆಗಾರನ ಪಾಡು ಅವನಿಗೆ ಚೆನ್ನಾಗಿ ಅರ್ಥವಾಯಿತು.

ಪಂದ್ಯಕ್ಕೆ ಮೂರು ದಿನ ಉಳಿದಾಗ ಬೆಳೆಗಾರ ಪೇಟೆಯ ಕೋವಿ ರಿಪೇರಿಯವನ ಹತ್ತಿರ ಹೋದ. "ಹಗುರದ್ದಕ್ಕೂ ಹಿಂದೆ ಸರಿಯಲಿ, ಒಳಗಿನ ಸ್ಪ್ರಿಂಗಿನ ಒಂದೆರಡು ಸುತ್ತು ಕತ್ತರಿಸಿಬಿಡು" ಎಂದ. ರಿಪೇರಿಯವನು ಕತ್ತರಿ ಹಿಡಿಯಲಿಲ್ಲ. ಕೋವಿಯ ಮುಂದಿನ ಮರದ ಹಿಡಿ ಕಳಚಿದ. ಒಳಗೆ ದಪ್ಪ ಸ್ಪ್ರಿಂಗು, ಅದರ ಮುಂದೆ ಒಂದು ಉಕ್ಕಿನ ಬಳೆ. ಬಳೆ ಆ ಜಾಗದಲ್ಲಿದ್ದರೆ ನಳಿಗೆ ಹಿಂದಕ್ಕೆ ಸರಿಯುವಾಗ ಬಿಗಿಯಾಗಿ ತಡೆ ಬೀಳುತ್ತದೆ, ಹಗುರದ್ದರ ಒದೆತ ಅದನ್ನು ಮೀರಲಾರದು.

"ಇದನ್ನು ಇಲ್ಲಿ ಹಾಕಿದವರು ಯಾರು?" ಎಂದು ಕೇಳಿದ.

"ನಾನೇ. ಭಾರದ್ದು ಹೊಡೆಯುವಾಗ ಒದೆತ ತಡೆಯಲಿ ಅಂತ. ಮದುವೆಯಾದ ವರ್ಷ ಹಾಕಿದ್ದು, ಆಮೇಲೆ ಬಿಚ್ಚೇ ಇಲ್ಲ."

"ಮತ್ತೆ ಪಾಪ, ಕಾಡತೂಸನ್ನು ಯಾಕೆ ಬೈಯುತ್ತೀರಿ?"

ರಿಪೇರಿಯವನು ಬಳೆಯನ್ನು ಸ್ಪ್ರಿಂಗಿನ ಹಿಂದಕ್ಕೆ ಹಾಕಿದ. ಸುರಿದ ಎಣ್ಣೆಯನ್ನೆಲ್ಲ ಒರೆಸಿ ತೆಳ್ಳಗೆ ಸವರಿದ. ಅಂಗಡಿಯ ಹಿಂದಿನ ಬಯಲಿನಲ್ಲಿ ಐದು ಹಗುರದ್ದು ಹೊಡೆದರು, ಐದೂ ಖಾಲಿಯಾಗಿ ನೆಲಕ್ಕೆ ಬಿದ್ದವು. "ಇನ್ನು ಇದಕ್ಕೆ ಭಾರದ್ದು ಹಾಕಿದಿರೋ, ಈ ಮರದ ಹಿಡಿ ಸೀಳಿ ಹೋಗುತ್ತದೆ" ಎಂದು ಎಚ್ಚರಿಸಿ ಕಳಿಸಿದ. ಪಂದ್ಯದ ದಿನ ಒಂದು ಕಾಯಿ ಒಡೆಯಿತು, ಇನ್ನೊಂದು ತಪ್ಪಿತು. ಕೋವಿ ಮಾತ್ರ ನಿಲ್ಲಲಿಲ್ಲ. ಬೆಳೆಗಾರ ಗೆದ್ದವನಿಗಿಂತ ಹೆಚ್ಚು ಸಂತೋಷಪಟ್ಟು ಮನೆಗೆ ಹೋದ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಉಳವಯ್ಯನಿಗೆ ಸಮಾಧಾನವಾಗಲಿಲ್ಲ.

"ಕೋವಿಯಲ್ಲಿ ಬಳೆ ಇತ್ತು, ತೆಗೆದು ಆಚೆ ಹಾಕಿದರು, ಮುಗಿಯಿತು. ನನ್ನ ಅಡುಗೆಮನೆಯಲ್ಲಿ ಇರುವವರು ಮನುಷ್ಯರು. ಅಲ್ಲಿ ನಾನೇನು ತೆಗೆಯಲಿ?" ಎಂದ.

"ಹತ್ತು ವರ್ಷ ನಿನ್ನ ಗದರಿಕೆ ತಾಳಿಕೊಳ್ಳಲು ಅವರು ಒಳಗೆ ಏನು ಹಾಕಿಕೊಂಡರು ಎಂದು ಒಬ್ಬರನ್ನಾದರೂ ಕೇಳಿದ್ದೀಯಾ?"