ಅಳಿಲಿಗೆ ಓಡಲು ಜಾಗ

ನಟ ತಿಪ್ಪೇಶನಿಗೆ ಒಂದು ಅಭ್ಯಾಸವಿತ್ತು. ತನ್ನ ಸಿನಿಮಾದ ಮೊದಲ ಆಟಕ್ಕೆ ಹೋದರೆ ಅವನು ಪರದೆಯನ್ನು ನೋಡುತ್ತಲೇ ಇರಲಿಲ್ಲ. ಬಾಗಿಲ ಪಕ್ಕ ಗೋಡೆಗೆ ಒರಗಿ ನಿಂತು, ಕೂತವರ ಮುಖ ನೋಡುತ್ತಿದ್ದ.

ಬೇರೆಯವರ ಸಿನಿಮಾಗಳಲ್ಲಿ ನಟಿಸಿ ಹೆಸರಾದ ಮೇಲೆ ಅವನು ತನ್ನದೇ ಕಂಪನಿ ಶುರು ಮಾಡಿದ. ಮೊದಲ ಸಿನಿಮಾದ ಮುಹೂರ್ತಕ್ಕೆ ಎಲ್ಲರೂ ಕೈಮುಗಿದು ನಿಂತಿದ್ದರು. ಎಲ್ಲಿಂದಲೋ ಒಂದು ಅಳಿಲು ಬಂತು. ಕ್ಯಾಮೆರಾ ಮುಂದೆ ಒಡೆದಿಟ್ಟಿದ್ದ ತೆಂಗಿನಕಾಯಿಗೆ ಬಾಯಿ ಹಾಕಿತು. ಬಾಲ ಎತ್ತಿ ಓಡಿಹೋಯಿತು. ಎಲ್ಲರೂ ನಕ್ಕರು.

"ಕಂಪನಿಗೆ ಹೆಸರು ಹುಡುಕ್ತಾ ಇದ್ರಲ್ಲ ರೀ, ಅದೇ ಬಂದು ಹೇಳಿ ಹೋಯ್ತು," ಎಂದಳು ಹೆಂಡತಿ ನಾಗರತ್ನ.

ಹಾಗೆ 'ಅಳಿಲು ಪಿಕ್ಚರ್ಸ್' ಹುಟ್ಟಿತು. ನಸ್ರೀನ್ ಎಂಬ ಚಿತ್ರಗಾರ್ತಿ ಸಿನಿಮಾ ಶುರುವಾಗುವ ಮುಂಚೆ ತೋರಿಸಲು ಕಂಪ್ಯೂಟರಿನಲ್ಲಿ ಒಂದು ಚಲಿಸುವ ಲೋಗೋ ಮಾಡಿಕೊಟ್ಟಳು. ಖಾಲಿ ಪರದೆ. ಒಂದು ತುದಿಯಿಂದ ಅಳಿಲು ಓಡಿಬರುತ್ತದೆ, ನಡುವೆ ನಿಲ್ಲುತ್ತದೆ, ನಮ್ಮ ಕಡೆ ನೋಡಿ ಬಾಲ ಎತ್ತುತ್ತದೆ. ಪಕ್ಕದಲ್ಲಿ ಹೆಸರು. ಎರಡು ಸಲ ಉಸಿರೆಳೆಯುವಷ್ಟರಲ್ಲಿ ಮುಗಿಯುತ್ತಿತ್ತು.

ಸಿನಿಮಾ ಚೆನ್ನಾಗಿ ಓಡಿತು. ಆಗ ನಾಗರತ್ನಳ ತಮ್ಮ ಓಬಳೇಶ ಬಂದ.

"ಭಾವ, ಅಳಿಲು ಬರೀ ನೆಲದ ಮೇಲೆ ನಿಂತಿದೆ. ಕೆಳಗೊಂದು ಕಮಲ ಇಡ್ಸಿ. ಲಕ್ಷ್ಮಿ ನಿಲ್ತಾಳೆ."

ಇಡಿಸಿದರು. ಎರಡನೇ ಸಿನಿಮಾ ಸೋತಿತು.

"ಕಮಲ ಇದ್ಮೇಲೆ ಸೂರ್ಯ ಬೇಡ್ವಾ ಭಾವ? ಅದೇ ನೋಡಿ ದೋಷ."

ಸೂರ್ಯ ಬಂದ. ಪರದೆಯಲ್ಲಿ ಪೂರ್ವ ಯಾವ ಕಡೆ ಎಂದು ಒಂದು ಮಧ್ಯಾಹ್ನವೆಲ್ಲ ಚರ್ಚೆಯಾಯಿತು. ಮುಂದಿನದು ಗೆದ್ದಿತು, ಖುಷಿಗೆ ಎರಡು ಆನೆ ಬಂದವು. ಅದರ ಮುಂದಿನದು ಸೋತಿತು. ಶಾಂತಿಗೆ ಶಂಖ ಬಂತು. ಆಮೇಲೆ ಮಿಂಚು, ಜಲಪಾತ, ಗಿರಗಿರ ತಿರುಗುವ ಭೂಮಿ. ಗೆದ್ದರೂ ಒಂದು ಸೇರುತ್ತಿತ್ತು, ಸೋತರೂ ಒಂದು ಸೇರುತ್ತಿತ್ತು. ತೆಗೆಯುವ ಮಾತು ಯಾರೂ ಎತ್ತುತ್ತಿರಲಿಲ್ಲ. ಯಾವುದರಿಂದ ಗೆದ್ದೆವು ಎಂದೇ ಗೊತ್ತಿಲ್ಲದಾಗ ಯಾವುದನ್ನು ತೆಗೆಯುವುದು?

"ಸಾರ್, ಅಳಿಲಿಗೆ ಓಡೋಕೆ ಜಾಗ ಇಲ್ಲ," ಎಂದಳು ನಸ್ರೀನ್ ಒಂದು ದಿನ.

"ಇನ್ನೂ ಸ್ವಲ್ಪ ಚಿಕ್ಕದು ಮಾಡಮ್ಮ."

"ಇನ್ನೂ ಚಿಕ್ಕದು ಮಾಡಿದ್ರೆ ಜನ ಇರುವೆ ಅನ್ಕೋತಾರೆ ಸಾರ್."

ತಿಪ್ಪೇಶ ನಕ್ಕ. ಆದರೆ ಏನನ್ನೂ ತೆಗೆಸಲಿಲ್ಲ.

ಆಗ ಬಿಡುಗಡೆಯಾದ ಸಿನಿಮಾದ ಮೊದಲ ಆಟದಲ್ಲಿ ಅವನು ಎಂದಿನಂತೆ ಮುಖಗಳನ್ನು ನೋಡಿದ. ಪರದೆಯ ಮೇಲೆ ಶಂಖ ಊದುತ್ತಿತ್ತು, ಆನೆಗಳು ನೀರು ಚಿಮ್ಮುತ್ತಿದ್ದವು. ಮುಖಗಳೆಲ್ಲ ಬಗ್ಗಿ ಮೊಬೈಲಿಗೆ ಅಂಟಿಕೊಂಡಿದ್ದವು. ಒಂದು ಪುಟ್ಟ ಹುಡುಗಿ ಕೇಳಿದಳು: "ಅಮ್ಮಾ, ಇದು ಯಾವ ಸೋಪಿನ ಜಾಹೀರಾತು?"

ಆ ಸಿನಿಮಾವೂ ಸೋತಿತು. ಇನ್ನೊಂದು ಸೋತರೆ ಕಂಪನಿಗೆ ಬೀಗ. ಉಳಿದದ್ದನ್ನೆಲ್ಲ ಸುರಿದು ತಿಪ್ಪೇಶ ಮತ್ತೊಂದು ಸಿನಿಮಾ ಮಾಡಿದ. ಈ ಸಲ ಸೂರ್ಯನಿಗೆ ಏಳು ಕುದುರೆಯ ರಥ ಬೇಕೆಂದ ಓಬಳೇಶ.

ಬಿಡುಗಡೆಯ ಹಿಂದಿನ ದಿನ ಬೆಳಿಗ್ಗೆ ನಸ್ರೀನ್ ಫೋನ್ ಮಾಡಿದಳು. "ಸಾರ್, ಕುದುರೆಗಳ ಭಾರಕ್ಕೆ ಇಡೀ ಫೈಲೇ ಕೆಟ್ಟುಹೋಯ್ತು. ಆನೆ, ಶಂಖ ಯಾವುದೂ ಉಳೀಲಿಲ್ಲ. ಎಲ್ಲಾ ಹೊಸದಾಗಿ ಮಾಡೋಕೆ ಒಂದು ವಾರ ಬೇಕು. ನಮ್ಮ ಮೊದಲನೇ ಅಳಿಲು ಮಾತ್ರ ಬೇರೆ ಕಡೆ ಇದೆ. ಕಳಿಸ್ಲಾ?"

ತಿಪ್ಪೇಶ ಮನೆಯವರಿಗೆ ವಿಷಯ ಹೇಳಿದ.

"ಒಂದು ವಾರ ಮುಂದೆ ಹಾಕಿ ಭಾವ!" ಎಂದ ಓಬಳೇಶ. "ಬರೀ ಅಳಿಲಾ? ಅಂಗಿ ಇಲ್ದೆ ಮದುವೆಗೆ ಹೋದ ಹಾಗಾಗುತ್ತೆ."

"ಮುಂದೆ ಹಾಕಿದ್ರೆ ಥಿಯೇಟರ್ ಬೇರೆಯವರ ಪಾಲಾಗುತ್ತೆ," ಎಂದಳು ನಾಗರತ್ನ. "ರೀ, ಮೊದಲನೇ ಸಿನಿಮಾದಲ್ಲಿ ನಿಮ್ಹತ್ರ ಏನಿತ್ತು?"

"ಅಳಿಲು."

"ಅದು ಬಿಟ್ಟು?"

"ಒಂದು ಒಳ್ಳೆ ಕಥೆ."

"ಈಗ ಕಥೆ ಇಲ್ವಾ?"

"ಇದೆ," ಎಂದ ತಿಪ್ಪೇಶ. ನಸ್ರೀನ್‌ಗೆ ಫೋನ್ ಮಾಡಿದ. "ಅಳಿಲನ್ನೇ ಕಳಿಸಮ್ಮ."

ಮರುದಿನ ಬೆಳಗಿನ ಆಟ. ದೀಪಗಳು ಆರಿದವು. ಒಬ್ಬ ಅಭ್ಯಾಸದಂತೆ ಜೇಬಿನಿಂದ ಮೊಬೈಲ್ ತೆಗೆದ. ಅವನು ಅದನ್ನು ಒತ್ತುವುದರೊಳಗೆ ಅಳಿಲು ಓಡಿಬಂದು, ನಿಂತು, ಬಾಲ ಎತ್ತಿಯಾಗಿತ್ತು. ಯಾರೋ ಕಿಸಕ್ಕನೆ ನಕ್ಕರು. ಕಥೆ ಶುರುವಾಯಿತು. ಮೊಬೈಲ್ ಜೇಬಿಗೆ ವಾಪಸ್ ಹೋಯಿತು.

ಬಾಗಿಲ ಪಕ್ಕ ನಿಂತು ತಿಪ್ಪೇಶ ಇದನ್ನೆಲ್ಲ ನೋಡಿದ. ಸಿನಿಮಾ ಗೆಲ್ಲುತ್ತದೋ ಇಲ್ಲವೋ ಇನ್ನೂ ಗೊತ್ತಿರಲಿಲ್ಲ. ಗೆದ್ದರೆ ಕಥೆಯಿಂದ ಗೆಲ್ಲುತ್ತದೆ, ಸೋತರೆ ಕಥೆಯಿಂದಲೇ ಸೋಲುತ್ತದೆ. ಆನೆಗಳನ್ನು ಕೇಳಬೇಕಾಗಿಲ್ಲ. ಇಷ್ಟು ಗೊತ್ತಾಗಿದ್ದೇ ಅವನ ಭುಜ ಹಗುರಾಯಿತು, ಎಷ್ಟೋ ದಿನದ ಮೇಲೆ ಹೊಟ್ಟೆ ಹಸಿಯಿತು.

ಮಧ್ಯಂತರದಲ್ಲಿ ಅವನು ಹೊರಗೆ ಬಂದು ಬಿಸಿ ಬೋಂಡ ಕೊಂಡ. ಸುತ್ತ ಜನ ಕಥೆಯ ಬಗ್ಗೆ ಜಗಳವಾಡುತ್ತಿದ್ದರು. "ಆ ಅಕ್ಕ ವಾಪಸ್ ಬರಲ್ಲ, ನೋಡ್ತಿರು." "ಬಂದೇ ಬರ್ತಾಳೆ, ಏನ್ ಬೆಟ್ಟು?" ತಿಪ್ಪೇಶ ಕಿವಿ ತುಂಬಾ ಕೇಳಿಸಿಕೊಂಡ.

ಅಷ್ಟರಲ್ಲಿ ಓಬಳೇಶ ಜನರನ್ನು ನೂಕಿಕೊಂಡು ಬಂದ. ಮುಖ ಅರಳಿತ್ತು.

"ಭಾವ, ನಾನು ಹೇಳ್ಲಿಲ್ವಾ? ಅಳಿಲೇ ನಮ್ಮ ಅದೃಷ್ಟ! ಮುಂದಿನ ಸಿನಿಮಾಗೆ ಅದರ ತಲೆಗೊಂದು ಬಂಗಾರದ ಕಿರೀಟ ಹಾಕ್ಸೋಣ. ಪುಟ್ಟದೇ ಸಾಕು. ಹಾಕ್ಸೋಣ ಭಾವ, ಇಲ್ಲ ಅನ್ಬೇಡಿ."

ತಿಪ್ಪೇಶನ ಬಾಯಿ ತುಂಬ ಬೋಂಡವಿತ್ತು. ಒಳಗೆ ಗಂಟೆ ಹೊಡೆಯಿತು. ಅವನು ಇಲ್ಲ ಎಂದು ತಲೆಯಾಡಿಸಿ ಆಟಕ್ಕೆ ನಡೆದ.

ನೀತಿ: ಗೆದ್ದಾಗ ಖುಷಿಗೊಂದು, ಸೋತಾಗ ಭಯಕ್ಕೊಂದು ಎಂದು ನಾವು ಏನೇನೋ ಹೊತ್ತುಕೊಳ್ಳುತ್ತಾ ಹೋಗುತ್ತೇವೆ. ಭಯಕ್ಕೆ ಹೊತ್ತುಕೊಂಡದ್ದನ್ನು ಅದೃಷ್ಟ ಎಂದುಕೊಳ್ಳಬೇಡಿ. ಒಮ್ಮೆ ಇಳಿಸಿ ನೋಡಿ. ಮನಸ್ಸಿಟ್ಟು ಮಾಡಿದ ಕೆಲಸಕ್ಕೆ ಅಲಂಕಾರದ ಆಸರೆ ಬೇಕಾಗುವುದಿಲ್ಲ.