ಶೆಡ್ಡಿನ ಗೃಹಪ್ರವೇಶ

ನನ್ನ ಉಳಿ ತಾಗಿದರೆ ಒಣಮರವೂ ಚಿಗುರುತ್ತಿತ್ತು, ಬೇಕಾದರೆ ಯಾರನ್ನಾದರೂ ಕೇಳಿ. ಅಂಥ ಬಡಗಿಯ ಹಿತ್ತಲ ಶೆಡ್ಡಿಗೆ ಕರೆಂಟಿರಲಿಲ್ಲ! ಮರ ಕಡೆಯಲು ತಂದ ಮೋಟಾರಿನ ಮೇಲೆ ಕೋಳಿ ಕಾವು ಕೂತಿತ್ತು. ಮಗಳ ಕೂಸಿನ ನಾಮಕರಣ ಹತ್ತಿರ ಬಂದಿತ್ತು, ತೊಟ್ಟಿಲಿಗೆ ಕಂಬವೇ ಆಗಿರಲಿಲ್ಲ.

ಕರೆಂಟು ಆಫೀಸಿನ ಪಾಲಾಕ್ಷಪ್ಪ ಸಾಹೇಬರು ಬಂದು ನೋಡಿ ಮೂಗು ಮುರಿದರು. “ಏನಯ್ಯಾ ಆಚಾರಿ, ಮನೆಗಾದರೆ ಕರೆಂಟು ಕೊಡಬಹುದು. ಇದು ಮನೆಯೇನಯ್ಯಾ? ನಾನು ಮನೆ ಅಂದರೆ ಮಾತ್ರ ಮನೆ!”

“ಆಗಲಿ ಸ್ವಾಮಿ,” ಅಂದೆ.

ಮರುವಾರವೇ ಶೆಡ್ಡಿಗೆ ಸುಣ್ಣ ಬಳಿದು, ತೋರಣ ಕಟ್ಟಿ, ಬೀದಿಯವರನ್ನೆಲ್ಲ ಊಟಕ್ಕೆ ಕರೆದೆ. ನನ್ನಾಕೆ ಉಕ್ಕಿಸಿದ ಹಾಲು ಹೊಸಿಲು ದಾಟಿ ಹರಿದು, ಪಕ್ಕದೂರಿನ ಬೆಕ್ಕುಗಳೂ ಬಂದವು. ಸಾಹೇಬರೇ ಮುಖ್ಯ ಅತಿಥಿ. ಕೊರಳಿಗೆ ಹಾರ ಬಿದ್ದ ಮೇಲೆ ಅವರಿಗೆ ಗೋಡೆ ಕಾಣಲಿಲ್ಲ, ಹೋಳಿಗೆ ಮಾತ್ರ ಕಂಡಿತು.

ಊಟವಾದ ಮೇಲೆ ನಾವು ಗಂಡಹೆಂಡಿರು ಅವರ ಕಾಲಿಗೆ ಬಿದ್ದೆವು. ಗೃಹಪ್ರವೇಶದಲ್ಲಿ ಹಿರಿಯರು ಒಂದು ಒಳ್ಳೆ ಮಾತು ಆಡದೆ ಎದ್ದು ಹೋಗುವುದುಂಟೇ?

ಸಾಹೇಬರು ಹೊಟ್ಟೆ ಸವರಿಕೊಂಡು ಗಟ್ಟಿಯಾಗಿ ಹರಸಿದರು: “ಮನೆ ಸೊಗಸಾಗಿದೆ! ನೂರು ವರ್ಷ ಬಾಳಿ!”

“ಸಾಹೇಬರೇ ಮನೆ ಅಂದುಬಿಟ್ಟರು, ಕೇಳಿದಿರೇನ್ರಪ್ಪಾ?” ಅಂದೆ.

“ಕೇಳಿದೆವು!” ಅಂತ ಬೀದಿಗೆ ಬೀದಿಯೇ ಕೂಗಿತು. ಸಾಹೇಬರ ಬಾಯಲ್ಲಿದ್ದ ಎಲೆಅಡಿಕೆ ಅಲ್ಲೇ ನಿಂತಿತು.

ಸಂಜೆಯೊಳಗೆ ತಂತಿ ಎಳೆಸಿದರು. ತೊಟ್ಟಿಲ ಕಂಬ ಗಿರ್ರನೆ ತಿರುಗಿತು. ಹೊರಡುವಾಗ ಸಾಹೇಬರು ನನ್ನ ಕೈ ಹಿಡಿದುಕೊಂಡರು. “ಆಚಾರಿ, ಕೋಳಿಗೂಡಿಗೂ ಗೃಹಪ್ರವೇಶ ಮಾಡಿಬಿಡಬೇಡ ಮಾರಾಯ!”

“ಮೋಟಾರಿನಿಂದ ಎಬ್ಬಿಸಿದ ಕೋಳಿ ಆಗಲೇ ಮುಹೂರ್ತ ಕೇಳ್ತಿದೆ ಸ್ವಾಮಿ,” ಅಂದೆ. “ಮೊದಲ ಎಲೆ ನಿಮಗೇ.”