ಹೆಸರಿಡದ ಕೂಸು

ನಮ್ಮ ನೀರಲಹಟ್ಟಿ ಮಠಕ್ಕೆ ಬೆಳ್ಳಿಯ ಬಾಗಿಲಿಲ್ಲ, ಅಡ್ಡಪಲ್ಲಕ್ಕಿಯಿಲ್ಲ. ಆದರೂ ಪರಮಪೂಜ್ಯ ಗುರುಶಾಂತ ಮಹಾಸ್ವಾಮಿಗಳಂಥವರು ಬಾಳಿದ ಮಠ ನಮ್ಮದೆಂದು ಎದೆಯುಬ್ಬಿಸಿ ಹೇಳಿಕೊಳ್ಳಲು ಈ ಒಂದು ಪ್ರಸಂಗವೇ ಸಾಕು.

ಅಂದು ಪೂಜ್ಯರು ದಾಸೋಹದ ಅಡುಗೆಮನೆಯ ಕಟ್ಟೆಯ ಮೇಲೆ ಕುಳಿತು ಮೆಂತ್ಯಸೊಪ್ಪು ಸೋಸುತ್ತಿದ್ದರು. ಯಮನಪ್ಪನೆಂಬ ಭಕ್ತನು ಹೆಂಡತಿ ಶಾವಂತ್ರೆವ್ವನನ್ನು ಕರೆತಂದನು. ಹಸಿ ಬಾಣಂತಿ, ಮಾತು ಬಿಟ್ಟಿದ್ದಳು, ಊಟ ಬಿಟ್ಟಿದ್ದಳು. ಜೊತೆಗೆ ಆಕೆಯ ಅತ್ತೆ, ಊರಿನ ನಾಟಿವೈದ್ಯರು, ತಾಲ್ಲೂಕಿನ ಮನೋವೈದ್ಯ ಶ್ರೀಪಾದ ದೇಸಾಯಿಯವರು. ಡಾಕ್ಟರರನ್ನು ಎಳೆತಂದದ್ದು ಭಕ್ತಿಯಲ್ಲ. ಸ್ವಾಮಿಗಳು ತಾಯತ ಕಟ್ಟಿದರೆ ಮುಖದ ಮೇಲೆಯೇ ನಾಲ್ಕು ಮಾತು ಆಡಿಬಿಡುತ್ತೇನೆಂದು ಬಂದಿದ್ದರು.

“ಗಾಳಿ ಬಡದೈತ್ರೀ ಅಪ್ಪಾರ. ಇಲ್ಲೇ ಕಂಬಕ್ಕ ಕಟ್ಟಿ ಹೋಗ್ತೀವಿ,” ಎಂದಳು ಅತ್ತೆ. ಗಾಳಿ ಬಡಿದವರನ್ನು ಮಠದ ಕಂಬಕ್ಕೆ ಸರಪಳಿಯಿಂದ ಕಟ್ಟುವುದು ನಮ್ಮ ಸೀಮೆಯ ರೂಢಿ. ವಾತ ತಲೆಗೇರಿದೆ ಎಂದರು ನಾಟಿವೈದ್ಯರು. ಮೆದುಳಿನೊಳಗಿನ ರಸಾಯನ ಏರುಪೇರಾಗಿದೆ, ಆಸ್ಪತ್ರೆಗೆ ಸೇರಿಸಿ ಎಂದು ಡಾಕ್ಟರರು ಗುಡುಗಿದರು. ಸರಪಳಿಯೋ, ಕಷಾಯವೋ, ಆಸ್ಪತ್ರೆಯೋ, ಗೆದ್ದವರ ಮಾತಿನಂತೆ ಆಕೆಯ ಪಾಡು.

ಪೂಜ್ಯರು, “ಕೂಸು ಎಲ್ಲಿ?” ಎಂದು ಕೇಳಿದರು.

“ತೊಟ್ಟಿಲಕ್ಕ ಹಾಕೂಕಿಂತ ಮೊದಲ ಹೋತ್ರೀ. ಹೆಸರಿಡದ ಕೂಸಿಗೆ ಅಳಬಾರದು, ನಮ್ಮ ಮನಿ ಪದ್ಧತಿ. ಅಳಾಕ ಹತ್ತಿದ್ಲು, ಬಾಯಿ ಮುಚ್ಚಿಸಿದ್ವಿ,” ಎಂದಳು ಅತ್ತೆ.

ಪೂಜ್ಯರು ಕಟ್ಟೆಯಿಳಿದು ಶಾವಂತ್ರೆವ್ವನ ಎದುರು ನೆಲದ ಮೇಲೆ ಕುಳಿತರು.

“ಏನಂತ ಕರೀಬೇಕಂತ ಮಾಡಿದ್ದಿ, ಯವ್ವಾ?”

ಆಕೆಯ ತುಟಿ ಅಲುಗಿತು. “ನೀಲವ್ವ.”

ಅಷ್ಟೇ, ಕಟ್ಟೆಯೊಡೆದಂತೆ ಅಳು ಬಂತು. ಅತ್ತೆ ಗಾಬರಿಯಿಂದ ಮುಂದೆ ಬಂದಳು. ಪೂಜ್ಯರು ಕೈಯೆತ್ತಿ ತಡೆದರು. “ಅಳಲಿ. ಈ ಮಠದಾಗ ಆ ಪದ್ಧತಿ ಇಲ್ಲ. ಇವತ್ತಿನ ದಾಸೋಹ ನೀಲವ್ವನ ಹೆಸರಲೇ ನಡೀಲಿ.”

ಆಹಾ, ಎಂಥ ಗುರುಗಳು ನಮ್ಮವರು! ಇನ್ನು ತಮಗೇನು ಕೆಲಸವೆಂದು ಡಾಕ್ಟರರು ಚೀಲ ಎತ್ತಿಕೊಂಡಾಗ ಪೂಜ್ಯರು ಅವರನ್ನೂ ಬಿಡಲಿಲ್ಲ.

“ನಿಮ್ಮ ಔಷಧ ಬೇಕ್ರೀ ಡಾಕ್ಟರ. ಆದರ ಅವರಿಗೆ ಗಾಳಿ ಕಾಣ್ತು, ಇವರಿಗೆ ವಾತ ಕಾಣ್ತು, ನಿಮಗ ಮೆದುಳು ಕಾಣ್ತು. ತಾಯಿ ಯಾರಿಗೂ ಕಾಣಲಿಲ್ಲ.”

ಡಾಕ್ಟರರ ಮುಖ ಕೆಂಪಾಯಿತು. ಅಲ್ಲಿಯವರೆಗೆ ಆಕೆಯ ವಿಚಾರವನ್ನೆಲ್ಲ ಅವರು ಗಂಡನನ್ನೇ ಕೇಳಿದ್ದರು. ಈಗ ಚೀಲವನ್ನು ಕೆಳಗಿಟ್ಟು, ಪೂಜ್ಯರ ಪಕ್ಕದಲ್ಲಿ ತಾವೂ ನೆಲಕ್ಕೆ ಕುಳಿತರು.

“ನೀಲವ್ವ ಯಾರ ಹಂಗ ಇದ್ಲು, ತಂಗೀ?”

ಶಾವಂತ್ರೆವ್ವ ಮುಖವೆತ್ತಿ ಅವರನ್ನು ನೋಡಿದಳು.

“ನನ್ನ ಹಂಗರೀ,” ಎಂದಳು.